ಎಂಎಸ್ ಓದಿಗೆ ಮನೆ ಅಡವಿಟ್ಟು ಸಾಲ ಪಡೆಯುವುದೇ, ಅಡಮಾನವಿಲ್ಲದ ಖಾಸಗಿ ಸಾಲವೇ?

ಅಮೆರಿಕದಲ್ಲಿ ಎಂಎಸ್ ಓದಲು 40 ಲಕ್ಷ ರೂಪಾಯಿ ಸಾಲ ಬೇಕಾಗಿದೆ, ತುಮಕೂರಿನ ಮನೆಯನ್ನು ಬ್ಯಾಂಕಿಗೆ ಅಡವಿಡಲು ತಂದೆಯವರು ಒಪ್ಪಿದ್ದಾರೆ, ಆದರೆ ಖಾಸಗಿ ಹಣಕಾಸು ಸಂಸ್ಥೆಯೊಂದು ಆಸ್ತಿಯಿಲ್ಲದೆಯೇ ಸಾಲ ಕೊಡುತ್ತಿರುವಾಗ ಮನೆಯನ್ನೇಕೆ ಅಪಾಯಕ್ಕೆ ಒಡ್ಡಬೇಕು ಎಂದು ಕೇಳಿದ್ದೀರಿ. ನಾನು ರಾಷ್ಟ್ರೀಕೃತ ಬ್ಯಾಂಕೊಂದರ ಸಾಲ ವಿಭಾಗದಲ್ಲಿದ್ದು ನಿವೃತ್ತನಾದವನು. ನನ್ನ ಮಾತು ಬ್ಯಾಂಕಿನ ಕಡೆಗೆ ವಾಲಿದಂತೆ ಕಂಡರೆ ಅಷ್ಟನ್ನು ಕಳೆದು ಓದಿಕೊಳ್ಳಿ.

ಅಡಮಾನವಿಲ್ಲದಿದ್ದರೆ ಮನೆಗೆ ಅಪಾಯವಿಲ್ಲ ಎಂಬುದು ಅರ್ಧ ಮಾತ್ರ ನಿಜ. ಆ ಸಾಲಕ್ಕೂ ಸಾಮಾನ್ಯವಾಗಿ ತಂದೆಯವರೇ ಸಹ ಸಾಲಗಾರರಾಗಿ ಸಹಿ ಹಾಕಬೇಕಾಗುತ್ತದೆ, ಹಾಗೆ ಸಹಿ ಹಾಕಿದವರ ಹೊಣೆ ನಿಮ್ಮ ಹೊಣೆಗಿಂತ ಒಂದು ರೂಪಾಯಿಯೂ ಕಡಿಮೆಯಲ್ಲ. ಕಂತು ನಿಂತರೆ ಸಾಲ ತೀರಿಸುವ ನಡತೆಯನ್ನು ಅಳೆಯುವ ಇಬ್ಬರ ಸಿಬಿಲ್ ಅಂಕವೂ ಕುಸಿಯುತ್ತದೆ. ಮನೆ ಅಡವಿದ್ದರೆ ಬ್ಯಾಂಕು 2002ರ ಸರ್ಫೇಸಿ ಕಾಯ್ದೆಯಡಿ 60 ದಿನಗಳ ನೋಟಿಸು ಕೊಟ್ಟು, ನ್ಯಾಯಾಲಯದ ಡಿಕ್ರಿಗೆ (ತೀರ್ಪಿನ ಆದೇಶಕ್ಕೆ) ಕಾಯದೆ ವಶಪಡಿಸಿಕೊಳ್ಳುವ ಕ್ರಮಕ್ಕೆ ಇಳಿಯಬಹುದು. ಅಡವಿಲ್ಲದಿದ್ದರೆ ಸಂಸ್ಥೆ ದಾವೆ ಹೂಡಿ, ಗೆದ್ದು, ಅದೇ ಮನೆಯನ್ನು ಜಪ್ತಿ ಮಾಡಿಸಬಹುದು. ಅಡಮಾನವಿಲ್ಲದ ಸಾಲಕ್ಕೆ ಹೆಚ್ಚಿನ ಬಡ್ಡಿ ತೆತ್ತು ನೀವು ಕೊಳ್ಳುವುದು ಮುಖ್ಯವಾಗಿ ಕಾಲಾವಕಾಶವನ್ನು.

ಅದರ ಬೆಲೆಯನ್ನು ಲೆಕ್ಕ ಹಾಕೋಣ. 40 ಲಕ್ಷಕ್ಕೆ ಹತ್ತು ವರ್ಷಗಳ ಅವಧಿಯಲ್ಲಿ ಶೇ 10ರ ಬಡ್ಡಿಯಾದರೆ ತಿಂಗಳ ಕಂತು ಸುಮಾರು 52,900 ರೂಪಾಯಿ, ಶೇ 12.5 ಆದರೆ ಸುಮಾರು 58,600. ಒಟ್ಟು ವ್ಯತ್ಯಾಸ ಏಳು ಲಕ್ಷದ ಹತ್ತಿರ. ಓದುವ ಅವಧಿಯ ಬಡ್ಡಿ ಇದರಲ್ಲಿ ಸೇರಿಲ್ಲ. ಸರ್ಕಾರಿ ಬ್ಯಾಂಕುಗಳು ಸಾಮಾನ್ಯವಾಗಿ ಓದು ಮುಗಿದು ಒಂದು ವರ್ಷದವರೆಗೆ ಕಂತು ಕೇಳುವುದಿಲ್ಲ, ಆ ಅವಧಿಗೆ ಸರಳ ಬಡ್ಡಿ ಹಾಕುತ್ತವೆ. ಹಲವು ಖಾಸಗಿ ಸಂಸ್ಥೆಗಳು ಮೊದಲ ತಿಂಗಳಿಂದಲೇ ಬಡ್ಡಿಯನ್ನೋ ಅದರ ಒಂದು ಭಾಗವನ್ನೋ ಕಟ್ಟಿಸಿಕೊಳ್ಳುತ್ತವೆ. ನೀವು ಓದುತ್ತಿರುವಾಗ ಅದನ್ನು ಕಟ್ಟುವವರು ಯಾರು ಎಂಬುದನ್ನು ಮನೆಯಲ್ಲಿ ಈಗಲೇ ಮಾತಾಡಿಕೊಳ್ಳಿ.

ಆದ್ದರಿಂದ ಪತ್ರಗಳು ಸರಿಯಿದ್ದರೆ ಬ್ಯಾಂಕಿನ ಸಾಲವೇ ಮೇಲು ಎಂಬುದು ನನ್ನ ಅಭಿಪ್ರಾಯ. ಆದರೆ ನಾನು ಕೆಲಸದಲ್ಲಿದ್ದಾಗ ಅರ್ಜಿಗಳು ಕುಂಟುತ್ತಿದ್ದುದು ಪತ್ರಗಳ ವಿಷಯದಲ್ಲೇ: ಅಜ್ಜನ ಹೆಸರಿನಲ್ಲೇ ಉಳಿದ ಮನೆಯ ಖಾತೆ, ಸಹಿ ಹಾಕಲು ಊರಿಗೆ ಬಾರದ ಚಿಕ್ಕಪ್ಪ, ಮಂಜೂರಾದ ನಕ್ಷೆಯಲ್ಲಿಲ್ಲದ ಮೇಲಂತಸ್ತು. ಇ-ಖಾತಾ, ಮೂಲ ಕ್ರಯಪತ್ರ, ಇಸಿ (ಆಸ್ತಿಯ ಋಣಭಾರ ಪ್ರಮಾಣಪತ್ರ), ಕಂದಾಯ ರಸೀದಿ ಇವನ್ನು, ವೀಸಾಕ್ಕಾಗಿ ವಿಶ್ವವಿದ್ಯಾಲಯ ಕೊಡುವ ಐ-20 ಪತ್ರ ಕೈಗೆ ಬರುವ ಮುಂಚೆಯೇ ಬ್ಯಾಂಕಿನ ವಕೀಲರಿಗೆ ತೋರಿಸಿ. ಅವರ ಅಭಿಪ್ರಾಯ ವೀಸಾ ಸಂದರ್ಶನಕ್ಕೆ ಮೊದಲು ಬರುವಂತಿಲ್ಲದಿದ್ದರೆ ಖಾಸಗಿ ಸಾಲ ಪಡೆಯುವುದೇ ವಿವೇಕ, ಬದಲಾಗುವ ಬಡ್ಡಿದರದ ಸಾಲವನ್ನೇ ಕೇಳಿ, ಅವಧಿಗೆ ಮುನ್ನ ತೀರಿಸಿದರೆ ದಂಡವಿಲ್ಲವೆಂಬುದನ್ನು ಬರಹದಲ್ಲಿ ಪಡೆಯಿರಿ; ಮುಂದೆ ಪತ್ರಗಳು ಸರಿಯಾದಾಗ ಸಾಲವನ್ನು ಬ್ಯಾಂಕಿಗೆ ವರ್ಗಾಯಿಸಲು ಯತ್ನಿಸಬಹುದು.

ಅಮೆರಿಕದ ಸಾಲಗಳ ಬಗೆಗೆ ಒಂದು ಮಾತು. ಅಲ್ಲಿನ ಸರ್ಕಾರಿ ವಿದ್ಯಾರ್ಥಿ ಸಾಲ ಎಫ್-1 ವಿದ್ಯಾರ್ಥಿ ವೀಸಾದವರಿಗೆ ಸಿಗುವುದಿಲ್ಲ, ಖಾಸಗಿ ಬ್ಯಾಂಕುಗಳು ಬಹುತೇಕ ಅಲ್ಲಿನ ಪೌರರೋ ಗ್ರೀನ್ ಕಾರ್ಡ್ ಉಳ್ಳವರೋ ಜೊತೆಗೆ ಸಹಿ ಹಾಕಬೇಕೆನ್ನುತ್ತವೆ. ಅಂಥ ಜೊತೆ ಸಹಿಯನ್ನೇ ಕೇಳದೆ ಡಾಲರಿನಲ್ಲಿ ಸಾಲ ಕೊಡುವವರೂ ಇದ್ದಾರೆ. ಆದರೆ ಕೆಲಸ ಸಿಗದೆ ಊರಿಗೆ ಮರಳಿದರೆ ಆ ಸಾಲವನ್ನು ರೂಪಾಯಿ ಸಂಬಳದಿಂದ ತೀರಿಸಬೇಕಾಗುತ್ತದೆ. 2010ರಲ್ಲಿ ಸುಮಾರು 45 ರೂಪಾಯಿ ಇದ್ದ ಡಾಲರು 2024ರ ಕೊನೆಗೆ 85 ದಾಟಿತ್ತು. ಇಲ್ಲಿನ ಬ್ಯಾಂಕಿಗೆ ಕಟ್ಟುವ ಸಾಲದ ಬಡ್ಡಿಗೆ ಹಳೆಯ ತೆರಿಗೆ ಪದ್ಧತಿಯಲ್ಲಿ ಎಂಟು ವರ್ಷ ಸಿಗುವ ವಿನಾಯಿತಿಯೂ ಆ ವಿದೇಶಿ ಸಾಲಕ್ಕೆ ಅನ್ವಯಿಸುವುದಿಲ್ಲ.