ಡಿವಿಡಿ ಬರ್ನ್ ನಿಧಾನ, ಮೌಸ್ ಕೂಡ ತಡವರಿಸುತ್ತಿದ್ದರೆ

ವಿಂಡೋಸ್ ಎಕ್ಸ್‌ಪಿ ಇರುವ ಕಂಪ್ಯೂಟರ್‌ನಲ್ಲಿ ಒಂದು ಡಿವಿಡಿ ಬರ್ನ್ ಮಾಡಲು, ಅಂದರೆ ಅದರ ಮೇಲೆ ಫೈಲ್ ಬರೆಯಲು, ಮುಕ್ಕಾಲು ಗಂಟೆ ಹಿಡಿದು, ಅಷ್ಟು ಹೊತ್ತೂ ಮೌಸ್ ತಡವರಿಸುತ್ತಿದ್ದರೆ, ನಿಮ್ಮ ಡಿವಿಡಿ ಡ್ರೈವ್ ಡಿಎಂಎ (ಪ್ರೊಸೆಸರ್‌ಗೆ ಹೊರೆಯಾಗದಂತೆ ಡೇಟಾ ಸಾಗಿಸುವ ವೇಗದ ವಿಧಾನ) ಬಿಟ್ಟು ಪಿಐಓ ಎಂಬ ನಿಧಾನದ ಮೋಡ್‌ಗೆ ಇಳಿದಿರುವ ಸಾಧ್ಯತೆಯೇ ಜಾಸ್ತಿ. ತಡವರಿಸುವ ಆ ಮೌಸೇ ದೊಡ್ಡ ಸುಳಿವು. ಪಿಐಓದಲ್ಲಿ ಡೇಟಾ ಸಾಗಿಸುವ ಕೆಲಸವೆಲ್ಲ ಪ್ರೊಸೆಸರ್ ತಲೆ ಮೇಲೆ ಬೀಳುತ್ತದೆ, ಬೇರೆಯದಕ್ಕೆ ಪುರುಸೊತ್ತೇ ಇರುವುದಿಲ್ಲ. ಗೀರು ಬಿದ್ದ ಡಿಸ್ಕ್ ಅಥವಾ ಸಡಿಲ ಕೇಬಲ್‌ನಿಂದ ಒಟ್ಟು 6 ಸಲ ದೋಷ ಬಂದರೆ ಸಾಕು, ಎಕ್ಸ್‌ಪಿ ತಾನೇ ವೇಗ ಇಳಿಸುತ್ತದೆ.

ಮೈ ಕಂಪ್ಯೂಟರ್ ಮೇಲೆ ರೈಟ್ ಕ್ಲಿಕ್ ಮಾಡಿ, ಪ್ರಾಪರ್ಟೀಸ್, ಹಾರ್ಡ್‌ವೇರ್, ಡಿವೈಸ್ ಮ್ಯಾನೇಜರ್‌ಗೆ ಹೋಗಿ. ಐಡಿಇ ಕಂಟ್ರೋಲರ್ (ಡ್ರೈವ್‌ಗಳನ್ನು ಕಂಪ್ಯೂಟರ್‌ಗೆ ಜೋಡಿಸುವ ಭಾಗ) ಪಟ್ಟಿಯಲ್ಲಿ, ಡಿವಿಡಿ ಡ್ರೈವ್ ಸಾಮಾನ್ಯವಾಗಿ ಇರುವ ಸೆಕೆಂಡರಿ ಚಾನೆಲ್ ತೆರೆದು ಅಡ್ವಾನ್ಸ್ಡ್ ಸೆಟ್ಟಿಂಗ್ಸ್ ನೋಡಿ. 'ಕರೆಂಟ್ ಟ್ರಾನ್ಸ್‌ಫರ್ ಮೋಡ್' ಎದುರು ಪಿಐಓ ಅಂತಿದ್ದರೆ ಅದೇ ಚಾನೆಲ್‌ನ ಡ್ರೈವರ್ ಟ್ಯಾಬ್‌ನಲ್ಲಿ ಅನ್‌ಇನ್‌ಸ್ಟಾಲ್ ಒತ್ತಿ, ರೀಸ್ಟಾರ್ಟ್ ಮಾಡಿ. ಹೆದರಬೇಡಿ, ಫೈಲ್‌ಗಳಿಗೆ ಏನೂ ಆಗುವುದಿಲ್ಲ. ವಿಂಡೋಸ್ ಚಾನೆಲನ್ನು ಮತ್ತೆ ತಾನೇ ಹಾಕಿಕೊಳ್ಳುತ್ತದೆ. ಆಮೇಲೆ ಅಲ್ಲಿ 'ಅಲ್ಟ್ರಾ ಡಿಎಂಎ' ಕಾಣಬೇಕು.

ಸ್ವಲ್ಪ ದಿನದಲ್ಲಿ ಮತ್ತೆ ಪಿಐಓಗೆ ಬಿದ್ದರೆ ಕೇಬಲ್ ಮೇಲೇ ನನ್ನ ಅನುಮಾನ. ಕಂಪ್ಯೂಟರ್‌ನ ಕರೆಂಟ್ ಪ್ಲಗ್ ಕಿತ್ತು, ಒಳಗೆ ಡ್ರೈವ್‌ಗೆ ಹೋಗುವ ಅಗಲವಾದ ಪಟ್ಟಿ ಕೇಬಲನ್ನು ಎರಡೂ ತುದಿಯಲ್ಲಿ ಗಟ್ಟಿಯಾಗಿ ಒತ್ತಿ. ಸರಿಹೋಗದಿದ್ದರೆ 80 ತಂತಿಯ ಹೊಸ ಕೇಬಲ್ ಹಾಕಿ.

ಮೊದಲೇ ಡಿಎಂಎ ಇದ್ದರೆ ಕಾರಣ ಬೇರೆ. ಆಗ ಸಿ ಡ್ರೈವ್‌ನಲ್ಲಿ 5 ಜಿಬಿಯಾದರೂ ಖಾಲಿ ಇದೆಯಾ ನೋಡಿ, ಬೇರೆ ಕಂಪನಿಯ ಡಿಸ್ಕ್ ಹಾಕಿ ಒಮ್ಮೆ ಬರ್ನ್ ಮಾಡಿ.