ಐಸ್‌ಲ್ಯಾಂಡ್‌ನಲ್ಲಿ ತೆಗೆದ ಸಿನಿಮಾ, ಐಸ್‌ಲ್ಯಾಂಡ್‌ನ ಸಿನಿಮಾ: ಲೇಖನ ಕಳುಹಿಸಿದವರೊಬ್ಬರಿಗೆ ಉತ್ತರ

ಮಾನ್ಯರೇ,

ನಮಸ್ಕಾರ. ‘ಹಿಮ ಮತ್ತು ಬೆಂಕಿಯ ನಾಡಿನ ಸಿನಿಮಾ ಪವಾಡ’ ಎಂಬ ನಿಮ್ಮ ಲೇಖನವನ್ನು ಎರಡು ಬಾರಿ ಓದಿದೆ. ನಿರ್ಧಾರವನ್ನು ಮೊದಲೇ ತಿಳಿಸಿಬಿಡುತ್ತೇನೆ: ಈಗಿರುವ ರೂಪದಲ್ಲಿ ಇದನ್ನು ಪ್ರಕಟಿಸಲು ಸಾಧ್ಯವಿಲ್ಲ. ಆದರೆ ಅಷ್ಟು ಹೇಳಿ ಸುಮ್ಮನಾಗಲು ಮನಸ್ಸು ಒಪ್ಪಲಿಲ್ಲ. ಯುರೋಪಿನ ಪುಟ್ಟ ದೇಶವೊಂದರ ಚಿತ್ರರಂಗ ಮತ್ತು ಟಿವಿಯ ಸ್ಥಿತಿಗತಿಯನ್ನು ಕನ್ನಡದಲ್ಲಿ ಬರೆಯಬೇಕೆಂದು ಹೊರಡುವವರೇ ಕಡಿಮೆ. ನೀವು ಹೊರಟಿದ್ದೀರಿ, ಸಾಕಷ್ಟು ಓದಿಯೂ ಇದ್ದೀರಿ. ಆದ್ದರಿಂದ ಲೇಖನ ಎಲ್ಲಿ ದಾರಿ ತಪ್ಪಿದೆ ಎಂಬುದನ್ನು ಮುಚ್ಚುಮರೆಯಿಲ್ಲದೆ ಬರೆಯುತ್ತಿದ್ದೇನೆ.

ನಿಮ್ಮ ವಾದ ಸ್ಥೂಲವಾಗಿ ಹೀಗಿದೆ. ಐಸ್‌ಲ್ಯಾಂಡ್‌ಗೆ ಅಪರೂಪದ ನಿಸರ್ಗ ಸೌಂದರ್ಯವಿದೆ. ಅದನ್ನು ಕಂಡು ಹಾಲಿವುಡ್ ಅಲ್ಲಿಗೆ ಬಂತು. ಹಾಲಿವುಡ್ ಬಂದದ್ದರಿಂದ ಅಲ್ಲಿನ ಚಿತ್ರರಂಗ ಬೆಳೆಯಿತು. ಆದ್ದರಿಂದ ನಾವೂ ಪಶ್ಚಿಮ ಘಟ್ಟಗಳನ್ನು ಜಗತ್ತಿಗೆ ತೋರಿಸಬೇಕು. ಈ ನಾಲ್ಕು ಮಾತುಗಳಲ್ಲಿ ಮೊದಲನೆಯದು ನಿಜ, ಎರಡನೆಯದು ಅರ್ಧ ನಿಜ, ಮೂರನೆಯದು ಕಾಲಕ್ರಮದ ದೃಷ್ಟಿಯಿಂದಲೇ ತಪ್ಪು. ನಾಲ್ಕನೆಯದನ್ನು ಕೊನೆಯಲ್ಲಿ ಎತ್ತಿಕೊಳ್ಳುತ್ತೇನೆ.

ಲೇಖನದ ಆರಂಭದಲ್ಲಿ ನೀವು 2015ರ ‘ದಿಲ್‌ವಾಲೆ’ ಚಿತ್ರದ ‘ಗೇರುವಾ’ ಹಾಡನ್ನು ತಂದಿದ್ದೀರಿ. ಕಪ್ಪು ಮರಳಿನ ಸಮುದ್ರತೀರ, ಜಲಪಾತ, ತೇಲುವ ಮಂಜುಗಡ್ಡೆಗಳ ನಡುವೆ ಚಿತ್ರಿಸಿದ ಆ ಹಾಡನ್ನು ನಮ್ಮ ಓದುಗರು ನೋಡಿರುತ್ತಾರೆ. ಪ್ರವೇಶಕ್ಕೆ ಅದು ತಕ್ಕ ಬಾಗಿಲು. ಆದರೆ ಆ ಬಾಗಿಲಿನಿಂದ ನೀವು ಒಳಗೆ ಹೋಗಲೇ ಇಲ್ಲ. ಮುಂದಿನ ಮೂರು ಪುಟಗಳೂ ಹೊರಗಿನವರು ಅಲ್ಲಿಗೆ ಬಂದು ತೆಗೆದ ಚಿತ್ರಗಳ ಪಟ್ಟಿಯಲ್ಲೇ ಕಳೆದಿವೆ. ಆ ಪಟ್ಟಿಯನ್ನೇ ಇನ್ನೊಮ್ಮೆ ಗಮನವಿಟ್ಟು ನೋಡಿ. 2006ರ ‘ಫ್ಲ್ಯಾಗ್ಸ್ ಆಫ್ ಅವರ್ ಫಾದರ್ಸ್’ನಲ್ಲಿ ಐಸ್‌ಲ್ಯಾಂಡ್‌ನ ಕಡಲತೀರ ಜಪಾನಿನ ಇವೊ ಜಿಮಾ ದ್ವೀಪವಾಯಿತು. 2014ರ ‘ಇಂಟರ್‌ಸ್ಟೆಲ್ಲರ್’ನಲ್ಲಿ ಅಲ್ಲಿನ ಹಿಮನದಿ ದೂರದ ಒಂದು ಗ್ರಹವಾಯಿತು. 2024ರ ಆರಂಭದಲ್ಲಿ ಪ್ರಸಾರವಾದ ‘ಟ್ರೂ ಡಿಟೆಕ್ಟಿವ್: ನೈಟ್ ಕಂಟ್ರಿ’ ಧಾರಾವಾಹಿಯಲ್ಲಿ ಅಲ್ಲಿನ ಊರುಗಳು ಅಲಾಸ್ಕಾ ಆದವು. ಇವೆಲ್ಲವುಗಳಲ್ಲಿ ಆ ದೇಶ ಬೇರೊಂದು ಜಾಗದ ವೇಷ ಹಾಕಿ ನಿಂತಿದೆ. ಅಲ್ಲಿನ ಜನ ಕಥೆಯಲ್ಲಿಲ್ಲ, ಅವರ ಮಾತು ಕಿವಿಗೆ ಬೀಳುವುದಿಲ್ಲ. ಒಂದು ದೇಶದಲ್ಲಿ ತೆಗೆದ ಸಿನಿಮಾ ಮತ್ತು ಆ ದೇಶದ ಸಿನಿಮಾ ಎರಡೂ ಬೇರೆ ಬೇರೆ. ನಿಮ್ಮ ಲೇಖನದ ಮುಖ್ಯ ದೋಷ ಈ ಎರಡನ್ನೂ ಒಂದೇ ಗಂಟಿನಲ್ಲಿ ಕಟ್ಟಿದ್ದು.

ಕಾಲಕ್ರಮವನ್ನು ಗಮನಿಸಿ. ಐಸ್‌ಲ್ಯಾಂಡ್‌ನ ಸಂಸತ್ತು ಚಲನಚಿತ್ರ ನಿಧಿಗೆ ಸಂಬಂಧಿಸಿದ ಕಾನೂನನ್ನು ಒಪ್ಪಿದ್ದು 1978ರಲ್ಲಿ. ಮೊದಲ ಧನಸಹಾಯ ಕೈಸೇರಿದ್ದು 1979ರಲ್ಲಿ. 1980ರ ಆರಂಭದಲ್ಲೇ ಔಗುಸ್ಟ್ ಗುದ್ಮುಂಡ್ಸನ್ ಅವರ ‘ಲ್ಯಾಂಡ್ ಆ್ಯಂಡ್ ಸನ್ಸ್’ ತೆರೆಕಂಡಿತು. ತಂದೆ ತೀರಿಕೊಂಡ ಮೇಲೆ ಹೊಲಮನೆ ಬಿಟ್ಟು ಪಟ್ಟಣಕ್ಕೆ ಹೊರಡುವ ಮಗನ ಕಥೆ ಅದು. ಹಳ್ಳಿಯಿಂದ ರಾಜಧಾನಿ ರೇಕ್ಯಾವಿಕ್‌ಗೆ ಬಂದು ನೆಲೆಸಿದ ಒಂದೆರಡು ತಲೆಮಾರಿನ ಜನ ತಮ್ಮದೇ ನೋವನ್ನು ತಮ್ಮದೇ ಮಾತಿನಲ್ಲಿ ತೆರೆಯ ಮೇಲೆ ಕಂಡರು. ಆಮೇಲಿನ ಕೆಲವು ವರ್ಷಗಳನ್ನು ಅಲ್ಲಿನವರು ‘ಚಲನಚಿತ್ರದ ವಸಂತ’ ಎಂದೇ ಕರೆಯುತ್ತಾರೆ. ವೃದ್ಧಾಶ್ರಮದಿಂದ ತಪ್ಪಿಸಿಕೊಂಡು ಬಾಲ್ಯದ ಊರು ಹುಡುಕಿ ಹೊರಡುವ ಒಬ್ಬ ಮುದುಕ, ಒಬ್ಬ ಮುದುಕಿಯ ಕಥೆಯಾದ ‘ಚಿಲ್ಡ್ರನ್ ಆಫ್ ನೇಚರ್’ 1991ರಲ್ಲಿ ಬಂದು, ಪರಭಾಷಾ ಚಿತ್ರಗಳ ಆಸ್ಕರ್ ಸ್ಪರ್ಧೆಯ ಅಂತಿಮ ಪಟ್ಟಿಯವರೆಗೂ ಹೋಯಿತು. ವಿದೇಶಿ ತಂಡಗಳನ್ನು ಸೆಳೆಯಲೆಂದು ಅಲ್ಲಿನ ಸರ್ಕಾರ ಖರ್ಚಿನ ಒಂದು ಪಾಲನ್ನು ಮರಳಿಸುವ ಕಾನೂನು ಮಾಡಿದ್ದು 1999ರಲ್ಲಿ, ಅಂದರೆ ಇದೆಲ್ಲ ಆದ ಎಷ್ಟೋ ವರ್ಷಗಳ ಮೇಲೆ. ಹಾಲಿವುಡ್ ಬಂದು ಕಟ್ಟಿಕೊಟ್ಟ ಚಿತ್ರರಂಗ ಅದಲ್ಲ. ಸಾರ್ವಜನಿಕ ಹಣದಿಂದ, ಒಂದು ಭಾಷೆಗಾಗಿ, ತಿಳಿದೇ ಕಟ್ಟಿಕೊಂಡದ್ದು.

ಇನ್ನು ಹಣದ ವಿಷಯ. ನೀವು ‘ಸರ್ಕಾರದ ಉದಾರ ನೆರವು’ ಎಂಬ ಎರಡು ಮೂರು ಪದಗಳಲ್ಲಿ ಇದನ್ನು ದಾಟಿಬಿಟ್ಟಿದ್ದೀರಿ. ಲೇಖನದ ಜೀವ ಇರುವುದೇ ಇಲ್ಲಿ. ಅಲ್ಲಿ ಹಣ ಬರುವ ದಾರಿಗಳು ಎರಡು, ಎರಡರ ಸ್ವಭಾವವೂ ಬೇರೆ. ಒಂದು, ಚಲನಚಿತ್ರ ನಿಧಿ; 2003ರಿಂದ ಐಸ್‌ಲ್ಯಾಂಡ್‌ನ ಚಲನಚಿತ್ರ ಕೇಂದ್ರ ಇದನ್ನು ನಡೆಸುತ್ತಿದೆ. ಚಿತ್ರಕಥೆಯನ್ನು ಓದಿ, ತೂಗಿ, ಇದು ಆಗಬೇಕಾದ ಚಿತ್ರ ಎಂದು ತೀರ್ಮಾನಿಸಿ ಕೊಡುವ ಹಣ ಅದು. ಇನ್ನೊಂದು, ಮರುಪಾವತಿ, ದೇಶದೊಳಗೆ ಖರ್ಚು ಮಾಡಿದ ಲೆಕ್ಕ ತೋರಿಸಿದವರಿಗೆ, ಚಿತ್ರಕಥೆಯ ಗುಣವನ್ನು ತೂಗದೆ, ಯಾವುದೇ ಭಾಷೆಯ ಚಿತ್ರಕ್ಕೂ ಕೊಡುವ ಹಣ. ಇದು ಶೇ 12ರಿಂದ ಶುರುವಾಗಿ ಶೇ 14, 20, 25 ಎಂದು ಏರುತ್ತ ಬಂದು, 2022ರಲ್ಲಿ ದೊಡ್ಡ ಯೋಜನೆಗಳಿಗೆ ಶೇ 35 ಆಯಿತು. ಆ ಶೇ 35 ಸಿಗಬೇಕಾದರೆ ದೇಶದಲ್ಲಿ ಕನಿಷ್ಠ 35 ಕೋಟಿ ಕ್ರೋನಾ (ಅಲ್ಲಿನ ನಾಣ್ಯ) ಖರ್ಚಾಗಬೇಕು, ಕನಿಷ್ಠ 30 ದಿನ ಕೆಲಸ ನಡೆಯಬೇಕು, ಕನಿಷ್ಠ 50 ಮಂದಿ ದುಡಿಯಬೇಕು. ಸ್ವದೇಶಿ ನಿರ್ಮಾಪಕರಿಗೂ ಮರುಪಾವತಿ ಮುಕ್ತವೇ. ಆದರೆ ಒಂದು ಕಣಿವೆ, ಒಂದು ಮನೆ, ನಾಲ್ಕು ನಟರನ್ನು ಇಟ್ಟುಕೊಂಡು ಚಿತ್ರ ತೆಗೆಯುವವರಿಗೆ ಈ ಹೊಸ್ತಿಲು ಎತ್ತರದ್ದು.

ಈಗ ಒಂದು ಸಂಗತಿಯನ್ನು ನೋಡಿ. ಮರುಪಾವತಿಯನ್ನು ಶೇ 35ಕ್ಕೆ ಏರಿಸಿದ ಅದೇ 2022ರಲ್ಲಿ, ಮುಂದಿನ ವರ್ಷದ ಬಜೆಟ್ ಪ್ರಸ್ತಾವದಲ್ಲಿ ಚಲನಚಿತ್ರ ನಿಧಿಗೆ ದೊಡ್ಡ ಕಡಿತ ಬಂತು. ಅಲ್ಲಿನ ನಿರ್ದೇಶಕರು, ನಿರ್ಮಾಪಕರು ಬಹಿರಂಗವಾಗಿ ವಿರೋಧಿಸಿದರು. ಇದನ್ನು ನೀವು ಒಂದೇ ಸಾಲಿನಲ್ಲಿ, ಅದೂ ‘ಸಣ್ಣಪುಟ್ಟ ಅಡಚಣೆಗಳ ನಡುವೆಯೂ’ ಎಂದು ಹೇಳಿ ಮುಂದೆ ಹೋಗಿದ್ದೀರಿ. ಇದು ಸಣ್ಣಪುಟ್ಟ ಅಡಚಣೆಯಲ್ಲ. ಹೊರಗಿನವರ ಕ್ಯಾಮೆರಾಕ್ಕೆ ಬಾಗಿಲು ಅಗಲವಾಗುತ್ತಿರುವಾಗ ಒಳಗಿನವರ ಚಿತ್ರಕಥೆಗೆ ಇಟ್ಟ ಹಣ ಕರಗುತ್ತದೆ ಎಂದರೆ, ಆ ದೇಶದ ಚಿತ್ರರಂಗದ ಇಂದಿನ ಸ್ಥಿತಿ ಏನೆಂಬ ಪ್ರಶ್ನೆಗೆ ಉತ್ತರ ಅಲ್ಲೇ ಇದೆ. ನಿಮ್ಮ ಲೇಖನ ಇದನ್ನೇ ನಡುಗಂಬವಾಗಿ ಇಟ್ಟುಕೊಳ್ಳಬೇಕಿತ್ತು.

ಹಾಗೆಂದು ವಿದೇಶಿ ಚಿತ್ರೀಕರಣವನ್ನು ಖಳನನ್ನಾಗಿ ಮಾಡಿ ಬರೆಯಿರಿ ಎಂದು ನಾನು ಹೇಳುತ್ತಿಲ್ಲ. ದೊಡ್ಡ ತಂಡಗಳ ಜೊತೆ ದುಡಿದು ಅಲ್ಲಿನ ಛಾಯಾಗ್ರಹಣ, ಬೆಳಕು, ಕಲಾ ವಿಭಾಗದವರು ಪಳಗಿದ್ದಾರೆ, ವರ್ಷವಿಡೀ ಕೆಲಸ ಕಂಡಿದ್ದಾರೆ. ನಿರ್ದೇಶಕ ಬಾಲ್ತಸಾರ್ ಕೋರ್ಮೌಕುರ್ ಅವರನ್ನೇ ತೆಗೆದುಕೊಳ್ಳಿ. 2006ರಲ್ಲಿ ಊರಿನ ಪತ್ತೇದಾರಿ ಕಥೆ ‘ಜಾರ್ ಸಿಟಿ’ ಮಾಡಿದವರು, 2015ರಲ್ಲಿ ‘ಎವರೆಸ್ಟ್’ ಎಂಬ ಹಾಲಿವುಡ್ ಚಿತ್ರ ನಿರ್ದೇಶಿಸಿ, ಅದೇ ವರ್ಷದ ಕೊನೆಗೆ ಐಸ್‌ಲ್ಯಾಂಡಿಕ್ ಭಾಷೆಯ ‘ಟ್ರ್ಯಾಪ್ಡ್’ ಧಾರಾವಾಹಿಯನ್ನು ತಂದರು. ರೇಕ್ಯಾವಿಕ್‌ನ ಗುಫುನೆಸ್‌ನಲ್ಲಿ ಹಳೆಯ ಗೊಬ್ಬರ ಕಾರ್ಖಾನೆಯ ಕಟ್ಟಡವನ್ನು ಸ್ಟುಡಿಯೊ ಮಾಡಿಕೊಂಡರು. ಹೊರಗಿನ ಹಣ, ಒಳಗಿನ ಕಥೆ ಎರಡೂ ಒಬ್ಬನೇ ಮನುಷ್ಯನ ಕೈಯಲ್ಲಿ ಹೇಗೆ ಒಂದಕ್ಕೊಂದು ಆಸರೆಯಾದವು ಎಂಬುದಕ್ಕೆ ಇದು ಒಳ್ಳೆಯ ಉದಾಹರಣೆ. ಆದರೆ ಹೆಚ್ಚು ಸಂಬಳ ಕೊಡುವ ವಿದೇಶಿ ತಂಡ ಊರಿನಲ್ಲಿದ್ದಾಗ ಚಿಕ್ಕ ಸ್ವದೇಶಿ ಚಿತ್ರಕ್ಕೆ ನುರಿತ ಕೆಲಸಗಾರರು ಸಿಗುವುದು ಕಷ್ಟ ಎಂಬುದನ್ನೂ ಜೊತೆಯಲ್ಲೇ ಹೇಳಬೇಕು. ಒಟ್ಟು ಜನಸಂಖ್ಯೆಯೇ 4 ಲಕ್ಷದ ಆಸುಪಾಸಿನಲ್ಲಿರುವ ನಾಡಿನಲ್ಲಿ ಆ ಕೈಗಳು ಎಷ್ಟಿರಲು ಸಾಧ್ಯ?

‘ಟ್ರ್ಯಾಪ್ಡ್’ ಬಗ್ಗೆ ನೀವು ಬರೆದ ಭಾಗ ನನಗೆ ಇಷ್ಟವಾಯಿತು. ಹಿಮಬಿರುಗಾಳಿಗೆ ರಸ್ತೆ ಮುಚ್ಚಿ, ಬಂದರಿಗೆ ಬಂದ ಹಡಗಿನ ಪ್ರಯಾಣಿಕರೊಡನೆ ಊರಿಗೆ ಊರೇ ಸಿಕ್ಕಿಹಾಕಿಕೊಳ್ಳುವುದನ್ನು ಚೆನ್ನಾಗಿ ಹಿಡಿದಿದ್ದೀರಿ. ಅದರ ಮೂಲ ಹೆಸರು ‘ಓಫೈರ್ದ್’. ಹಿಮ ಬಿದ್ದು ದಾರಿ ಹೋಗಲಾರದಂತಾಗುವ ಸ್ಥಿತಿಗೆ ಅವರಲ್ಲಿರುವ ದಿನಬಳಕೆಯ ಮಾತು. ಇಂಗ್ಲಿಷ್ ಹೆಸರಿನಲ್ಲಿ ಸಿಕ್ಕಿಬಿದ್ದ ಮನುಷ್ಯರು ಮಾತ್ರ ಕಾಣುತ್ತಾರೆ, ಮೂಲದಲ್ಲಿ ರಸ್ತೆ ಕಾಣುತ್ತದೆ. ಇದನ್ನು ಸೇರಿಸಿಕೊಳ್ಳಿ. ಬಿಬಿಸಿ ಇದನ್ನು ಮೂಲ ಭಾಷೆಯಲ್ಲೇ, ಅಡಿಬರಹದೊಂದಿಗೆ ಪ್ರಸಾರ ಮಾಡಿತು ಎಂಬುದೂ ಬರಲಿ. ಅಷ್ಟು ಕಡಿಮೆ ಜನ ಆಡುವ ಭಾಷೆಗೆ ಅದು ಸಣ್ಣ ಗೌರವವಲ್ಲ. ಇದಕ್ಕೆ ಪ್ರತಿಯಾಗಿ ‘ರಾಮ್ಸ್’ ಚಿತ್ರವನ್ನು ‘ಕುರಿಗಳ ಕುರಿತಾದ ಹಾಸ್ಯಚಿತ್ರ’ ಎಂದು ಮುಗಿಸಿದ್ದು ಅನ್ಯಾಯ. 2015ರಲ್ಲಿ ಕಾನ್ ಚಿತ್ರೋತ್ಸವದ ‘ಅನ್ ಸರ್ಟೆನ್ ರಿಗಾರ್ಡ್’ ವಿಭಾಗದ ಪ್ರಶಸ್ತಿ ಪಡೆದ ಗ್ರೀಮುರ್ ಹೌಕೋನಾರ್ಸನ್ ಅವರ ಈ ಚಿತ್ರದಲ್ಲಿ, 40 ವರ್ಷ ಮಾತು ಬಿಟ್ಟ ಅಣ್ಣತಮ್ಮಂದಿರು ಅಕ್ಕಪಕ್ಕದಲ್ಲೇ ಕುರಿ ಸಾಕಿಕೊಂಡಿದ್ದಾರೆ. ಸ್ಕ್ರೇಪಿ ಎಂಬ ಮಾರಕ ರೋಗ ಒಂದು ಕುರಿಗೆ ಬಂದರೆ ಹಿಂಡನ್ನೇ ಕೊಲ್ಲಬೇಕು ಎಂಬ ನಿಯಮದಿಂದ ಕಥೆ ಹುಟ್ಟುತ್ತದೆ. ಆ ನಿಯಮವನ್ನು ಹೇಳದಿದ್ದರೆ ಓದುಗನಿಗೆ ಚಿತ್ರದ ನೋವು ತಲುಪುವುದಿಲ್ಲ.

ಟಿವಿಯ ಇತಿಹಾಸದಲ್ಲಿ ನೀವು ಒಂದು ರತ್ನವನ್ನು ಹೆಕ್ಕಿ, ಅದನ್ನು ‘ಕುತೂಹಲಕರ ಸಂಗತಿಗಳು’ ಎಂಬ ಪೆಟ್ಟಿಗೆಯೊಳಗೆ ಇಟ್ಟುಬಿಟ್ಟಿದ್ದೀರಿ: ದಶಕಗಳ ಕಾಲ ಅಲ್ಲಿ ಗುರುವಾರ ಟಿವಿ ಇರುತ್ತಿರಲಿಲ್ಲ ಎಂಬುದು. ಪೆಟ್ಟಿಗೆಯಿಂದ ಹೊರಗೆ ತೆಗೆಯಿರಿ. ಅದರ ಹಿಂದೆ ಒಂದು ದೊಡ್ಡ ಕಥೆಯಿದೆ. ಕೆಫ್ಲಾವಿಕ್‌ನ ಅಮೆರಿಕನ್ ಸೇನಾನೆಲೆ 1955ರಿಂದ ತನ್ನ ಸೈನಿಕರಿಗಾಗಿ ಟಿವಿ ಪ್ರಸಾರ ಮಾಡುತ್ತಿತ್ತು. ಕ್ರಮೇಣ ಅದು ರೇಕ್ಯಾವಿಕ್‌ನ ಮನೆಗಳಿಗೂ ಹರಡಿತು. ಸ್ವಂತ ಟಿವಿ ಇಲ್ಲದ ದೇಶದ ಮಕ್ಕಳು ಇಂಗ್ಲಿಷ್ ಟಿವಿ ನೋಡುತ್ತ ಬೆಳೆಯುವುದನ್ನು ಕಂಡು ಕಳವಳಗೊಂಡ 60 ಮಂದಿ ಗಣ್ಯರು 1964ರಲ್ಲಿ ಸಂಸತ್ತಿಗೆ ಮನವಿ ಸಲ್ಲಿಸಿದರು. 1966ರ ಸೆಪ್ಟೆಂಬರ್ 30ರಂದು ಸಾರ್ವಜನಿಕ ಸಂಸ್ಥೆ ರೂವ್ ತನ್ನ ಟಿವಿ ಪ್ರಸಾರ ಆರಂಭಿಸಿತು. ಹಣ ಕಡಿಮೆ, ಸಿಬ್ಬಂದಿ ಕಡಿಮೆ. ಗುರುವಾರ ರಜೆ, ಸಿಬ್ಬಂದಿಯ ಬೇಸಿಗೆ ಬಿಡುವಿಗೆಂದು ಜುಲೈ ತಿಂಗಳಿಡೀ ರಜೆ. ಜುಲೈ ರಜೆ 1983ರಲ್ಲಿ ಹೋಯಿತು. 1986ರಲ್ಲಿ ಖಾಸಗಿ ವಾಹಿನಿ ಬಂದ ಮರುವರ್ಷವೇ ಗುರುವಾರದ ರಜೆಯೂ ಹೋಯಿತು. ಸ್ಪರ್ಧೆ ಏನನ್ನು ತಂದಿತು, ಏನನ್ನು ತೆಗೆದುಕೊಂಡು ಹೋಯಿತು ಎಂಬ ವಿಚಾರಕ್ಕೆ ಇದಕ್ಕಿಂತ ಒಳ್ಳೆಯ ಎಳೆ ನಿಮಗೆ ಸಿಗಲಾರದು.

ಭಾಷೆಯ ಕುರಿತು ಒಂದೆರಡು ಮಾತು. ನಿರ್ದೇಶಕರನ್ನು ನೀವು ‘ಕೊನೆಯ ಹೆಸರು’ ಹಿಡಿದು ಕರೆದಿದ್ದೀರಿ. ‘ಗುದ್ಮುಂಡ್ಸನ್’ ಎಂದರೆ ಗುದ್ಮುಂಡುರ್‌ನ ಮಗ ಎಂದಷ್ಟೇ ಅರ್ಥ. ಅದು ಮನೆತನದ ಹೆಸರಲ್ಲ. ಅಲ್ಲಿ ಪ್ರಧಾನಿಯನ್ನೂ ಸ್ವಂತ ಹೆಸರಿನಿಂದಲೇ ಕರೆಯುತ್ತಾರೆ. ತಂದೆಯ ಹೆಸರನ್ನು ಇನಿಷಿಯಲ್ ಆಗಿ ಇಟ್ಟುಕೊಂಡು ಬಂದ ನಮಗೆ ಇದು ಅರ್ಥವಾಗದ ಸಂಗತಿಯಲ್ಲ. ಇಂಗ್ಲಿಷ್ ಪತ್ರಿಕೆಗಳ ರೂಢಿಯನ್ನು ಇಲ್ಲಿ ಬಿಡಿ, ‘ಔಗುಸ್ಟ್’ ಎಂದೇ ಬರೆಯಿರಿ. ಸಿನಿಮಾಕ್ಕೆ ಅವರು ಕಟ್ಟಿಕೊಂಡ ಪದ ‘ಕ್ವಿಕ್‌ಮಿಂದ್’. ಕ್ವಿಕ್ ಎಂದರೆ ಚಲಿಸುವ, ಜೀವವಿರುವ. ಮಿಂದ್ ಎಂದರೆ ಚಿತ್ರ. ನಮ್ಮ ‘ಚಲನಚಿತ್ರ’ ಹುಟ್ಟಿದ ರೀತಿಯಲ್ಲೇ ಅದೂ ಹುಟ್ಟಿದೆ. ಕನ್ನಡ ಓದುಗನನ್ನು ಆ ನಾಡಿನ ಹತ್ತಿರಕ್ಕೆ ಒಯ್ಯಲು ಹಾಡಿನ ಚಿತ್ರೀಕರಣಕ್ಕಿಂತ ಈ ಒಂದು ಪದ ಹೆಚ್ಚು ನೆರವಾದೀತು. ಹಾಗೆಯೇ ‘ಮನಮೋಹಕ’, ‘ವಿಸ್ಮಯಕಾರಿ’, ‘ಜಗತ್ತೇ ಬೆರಗಾಗುವಂತೆ’ ಎಂಬ ಮಾತುಗಳು ಬಂದಲ್ಲೆಲ್ಲ ನಿಲ್ಲಿ. ಅವುಗಳ ಜಾಗದಲ್ಲಿ ಒಂದು ವರ್ಷ, ಒಂದು ಮೊತ್ತ, ಒಂದು ಊರು ಅಥವಾ ಒಂದು ದೃಶ್ಯ ಬರಬೇಕಿತ್ತು.

ಕೊನೆಯದಾಗಿ ಪಶ್ಚಿಮ ಘಟ್ಟದ ಪ್ರಸಂಗ. ಆ ಎರಡು ಪ್ಯಾರಾಗಳನ್ನು ಪೂರ್ತಿ ಕೈಬಿಡಿ. 2011ರ ಜನಗಣತಿಯಂತೆ ಕನ್ನಡ ಮಾತೃಭಾಷೆಯಾಗಿರುವವರು 4.37 ಕೋಟಿ; ಐಸ್‌ಲ್ಯಾಂಡ್‌ನ ನೂರು ಪಟ್ಟಿಗಿಂತಲೂ ಹೆಚ್ಚು. ನಮ್ಮ ಮಾರುಕಟ್ಟೆ, ನಮ್ಮ ಸಹಾಯಧನದ ಪದ್ಧತಿ, ನಮ್ಮ ಚಿತ್ರಮಂದಿರಗಳ ಸಮಸ್ಯೆ ಎಲ್ಲವೂ ಬೇರೆ ಅಳತೆಯವು. ಅವರಿಂದ ನಾವು ಕಲಿಯಬೇಕಾದದ್ದು ಇದ್ದರೆ ಓದುಗ ತಾನೇ ತೆಗೆದುಕೊಳ್ಳುತ್ತಾನೆ, ನೀವು ಅವರ ಸಂಗತಿಯನ್ನು ಸರಿಯಾಗಿ ಹೇಳಿದರೆ ಸಾಕು.

ತಿದ್ದಿ ಬರೆಯುವುದಾದರೆ 1,500 ಪದಗಳ ಮಿತಿಯಲ್ಲಿ ಬರೆಯಿರಿ. ಒಂದು ತಿಂಗಳು ಸಮಯ ತೆಗೆದುಕೊಳ್ಳಿ. ಶೀರ್ಷಿಕೆಯಲ್ಲಿ ‘ಪವಾಡ’ ಬೇಡ. ಎರಡು ಬಗೆಯ ಹಣದ ಭಾಗವನ್ನು ಹಿಗ್ಗಿಸಿ, ವಿದೇಶಿ ಚಿತ್ರಗಳ ಪಟ್ಟಿಯನ್ನು ನಾಲ್ಕೈದು ಸಾಲಿಗೆ ಇಳಿಸಿ. ಹಾಡಿನ ಬದಲು, 1970ರ ದಶಕದ ರೇಕ್ಯಾವಿಕ್‌ನ ಒಂದು ಗುರುವಾರ ಸಂಜೆಯಿಂದ, ಟಿವಿ ಆರಿದ ಮನೆಯಿಂದ, ಲೇಖನವನ್ನು ಆರಂಭಿಸಬಹುದೇ ಎಂದು ಯೋಚಿಸಿ ನೋಡಿ. ಬಂದ ಕೂಡಲೇ ನಾನೇ ಓದುತ್ತೇನೆ.

ವಿಶ್ವಾಸದಿಂದ,
ಸಂಪಾದಕ