ಹೂವಿದ್ದರೂ ಚಿಟ್ಟೆ ನಿಲ್ಲದಿರೋದಕ್ಕೆ

ಚೆಂಡುಹೂ, ದಾಸವಾಳ ತುಂಬಾ ಅರಳಿದರೂ ಚಿಟ್ಟೆ ಒಂದು ಸುತ್ತು ಹಾಕಿ ಹೋಗಿಬಿಡುತ್ತೆ ಅಂದಿದ್ದೀರಿ. ಬಹುಶಃ ನಿಮ್ಮವೆಲ್ಲ ಎಸಳು ಒತ್ತೊತ್ತಾಗಿರೋ ತಳಿ. ಎಸಳು ಒತ್ತಾದಷ್ಟೂ ಮಕರಂದ ಕಡಿಮೆ, ಇದ್ದರೂ ಚಿಟ್ಟೆಯ ನಳಿಕೆಗೆ ಸಿಗಲ್ಲ. ಮೊಟ್ಟೆ ಇಡೋಕೆ ಗಿಡವಿಲ್ಲದಿರೋದು ಇನ್ನೊಂದು ಕಾರಣ.

ಮೊದಲು ವಾರಕ್ಕೊಮ್ಮೆ ಹೊಡೆಯೋ ಬೇವಿನೆಣ್ಣೆ ನಿಲ್ಲಿಸಿ, ಅದು ಮರಿಹುಳುಗಳಿಗೂ ಕುತ್ತು. ಗಿಡಹೇನು ಕಂಡರೆ ನೀರಿನ ರಭಸಕ್ಕೆ ತೊಳೆದುಬಿಡಿ.

ಆಮೇಲೆ ಒಂಟಿ ಎಸಳಿನ ಜಿನಿಯಾ, ಪೆಂಟಾಸ್, ಕೇಪಳ ಹಾಕಿ. ಒಂದೇ ಜಾತಿಯ 4-5 ಗಿಡ ಗುಂಪಾಗಿರಲಿ. ಚೆದುರಿದ ಕುಂಡಗಳಿಗಿಂತ ಬಣ್ಣದ ರಾಶಿ ದೂರದಿಂದ ಕಾಣುತ್ತೆ. ಬಿಸಿಲಿನ ಬಗ್ಗೆ ನೀವು ಬರೆದಿಲ್ಲ. ದಿನಕ್ಕೆ 5-6 ಗಂಟೆ ಬೀಳದಿದ್ದರೆ ಮೊದಲು ಜಾಗ ಬದಲಿಸಿ.

ಮುಖ್ಯವಾದದ್ದು ಮರಿಹುಳುವಿನ ಊಟ. ಕರಿಬೇವು ಅಥವಾ ನಿಂಬೆಯ ಒಂದು ಕುಂಡ ಇಡಿ, ಜಾಗವಿದ್ದರೆ ಎಕ್ಕ. ಕರಿಬೇವು, ನಿಂಬೆಯ ಚಿಗುರೆಲೆ ಮೇಲೆ ಗುಂಡುಸೂಜಿ ತಲೆಯಷ್ಟಿನ ತಿಳಿಹಳದಿ ಮೊಟ್ಟೆ ಒಂದೊಂದಾಗಿ ಕಾಣುತ್ತೆ. 3-4 ದಿನಕ್ಕೆ ಹೊರಬರೋ ಮರಿ ಥೇಟ್ ಹಕ್ಕಿ ಹಿಕ್ಕೆ ಥರ ಇರುತ್ತೆ, ಗಲೀಜು ಅಂತ ಒರೆಸಬೇಡಿ! ದೊಡ್ಡದಾದ ಮೇಲೆ ಹಸಿರಾಗುತ್ತೆ. ಮುಟ್ಟಿದರೆ ತಲೆ ಹಿಂದಿನಿಂದ ಕವಲು ಕೊಂಬು ಚಾಚಿ ವಾಸನೆ ಬಿಡುತ್ತೆ, ಹೆದರಬೇಕಿಲ್ಲ. ಪುಟ್ಟ ಗಿಡವನ್ನ ಎರಡು ಹುಳು ಸೇರಿ ಬೋಳು ಮಾಡಿಬಿಡಬಹುದು, ಹಾಗಾಗಿ ಅಡುಗೆಗೆ ಬೇರೆ ಕರಿಬೇವು ಇಟ್ಕೊಳ್ಳಿ. ಬೇರು ಗಟ್ಟಿಯಿದ್ದರೆ ಮತ್ತೆ ಚಿಗುರುತ್ತೆ.

ನರ್ಸರಿಯಿಂದ ತಂದ ಗಿಡದಲ್ಲಿ ಕೀಟನಾಶಕ ಉಳಿದಿರಬಹುದು. ಕರಿಬೇವನ್ನ, ಕೀಟನಾಶಕ ಹೊಡೆಯದ ಗಿಡದ ಬುಡದಲ್ಲಿ ಏಳೋ ಸಸಿಯಿಂದ ಬೆಳೆಸೋದೇ ವಾಸಿ.